ಒಂದೂವರೆ ಟಿಬಿ ಬೇಕು, ಹದಿನಾರು ಟಿಬಿಗೆ ಬಿಲ್ಲು

ಲೆಕ್ಕಕ್ಕೆ ಒಂದು ಮನೆ ಹಿಡಿದುಕೊಳ್ಳೋಣ. ರೌಟರ್ ಪಕ್ಕದಲ್ಲಿ ನಾಲ್ಕು ಹಾರ್ಡ್ ಡಿಸ್ಕ್ ಕೂರುವ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ ಇದೆ. ಬಳಸುವವರ ಬಾಯಲ್ಲಿ ಅದು ‘ನ್ಯಾಸ್’. ತಲಾ 4 ಟಿಬಿಯ ಡ್ರೈವ್, ರೇಡ್-5 ಜೋಡಣೆ. ಕೊಂಡದ್ದು 16 ಟಿಬಿ, ಬಳಕೆಗೆ ಸಿಗುವುದು 12, ತುಂಬಿರುವುದು 9. ಈ ಒಂಬತ್ತರಲ್ಲಿ ಆರು ಟಿಬಿ ಸಿನಿಮಾ, ಧಾರಾವಾಹಿ, ಸಾಫ್ಟ್‌ವೇರ್, ಅಂದರೆ ಹೋದರೆ ಮತ್ತೆ ಸಿಗುವಂಥವು. ಒಂದೂವರೆ ಟಿಬಿ ಹಳೆಯ ಫೋನು, ಲ್ಯಾಪ್‌ಟಾಪುಗಳಿಂದ ಎರಡೆರಡು ಸಲ ಸುರಿದುಕೊಂಡ ನಕಲು. ಮಿಕ್ಕ ಒಂದೂವರೆ ಟಿಬಿಯಲ್ಲಿ ತಲಾ 5 ಎಂಬಿಯ 2 ಲಕ್ಷ ಫೋಟೊ, ಮಕ್ಕಳ ವಿಡಿಯೊ, ಕ್ಯಾಸೆಟ್ಟಿನಿಂದ ಇಳಿಸಿದ ಮದುವೆ, ಕ್ರಯಪತ್ರ ಮತ್ತು ಪಹಣಿಯ ಸ್ಕ್ಯಾನುಗಳಿವೆ. ಹೋದರೆ ಹೋದವೇ.

ಎರಡು ಡ್ರೈವ್ ಕೆಟ್ಟಿವೆ. ಒಂದರ ಹೆಡ್, ಅಂದರೆ ತಟ್ಟೆಯನ್ನು ಓದುವ ಭಾಗ, ಹೋಗಿದೆ, ಇನ್ನೊಂದರಲ್ಲಿ ಬ್ಯಾಡ್ ಸೆಕ್ಟರ್, ಅಂದರೆ ಓದಲಾಗದ ಜಾಗಗಳು. ಇದನ್ನು ಬೆಂಗಳೂರಿನ ಒಂದು ಒಳ್ಳೆಯ ರಿಕವರಿ ಲ್ಯಾಬಿಗೆ ಒಯ್ದರೆ ಬರುವ ಬಿಲ್ಲು ನನ್ನ ಅಂದಾಜಿನಲ್ಲಿ 80 ಸಾವಿರದಿಂದ ಒಂದೂವರೆ ಲಕ್ಷ. ಮಧ್ಯಮ ಅಂಕಿಯಾಗಿ ಒಂದು ಲಕ್ಷ ಹಿಡಿದು, ಶೇ 18ರ ಜಿಎಸ್‌ಟಿ ಸೇರಿಸಿದರೆ 1,18,000. ಆ ಒಂದೂವರೆ ಟಿಬಿಯ ಎರಡನೇ ಪ್ರತಿ ಇಡಲು ಬೇಕಾಗಿದ್ದ 2 ಟಿಬಿಯ ಪೋರ್ಟಬಲ್ ಡಿಸ್ಕಿಗೆ 7 ಸಾವಿರ ಹಿಡಿಯುತ್ತೇನೆ. ಎಸ್.ಪಿ. ರಸ್ತೆಯಲ್ಲಿ ಈ ದರ ತಿಂಗಳಿಗೊಮ್ಮೆ ಏರಿಳಿಯುತ್ತದೆ, ನೂರಿನ್ನೂರು ಆಚೀಚೆ ನೀವೇ ಮಾಡಿಕೊಳ್ಳಿ.

ಈ ಎರಡು ಮೊತ್ತಗಳ ನಡುವಿನ ಅಂತರಕ್ಕೆ ಬರೀ ಲ್ಯಾಬಿನವರ ದುರಾಸೆ ಕಾರಣವಲ್ಲ. ಬ್ಯಾಕಪ್‌ಗೆ ತಗಲುವ ಖರ್ಚು ನಮಗೆ ಬೇಕಾದಷ್ಟರ ಮೇಲೆ. ರಿಕವರಿಗೆ ತಗಲುವ ಖರ್ಚು ಇರುವುದೆಲ್ಲದರ ಮೇಲೆ. ಫೋಟೊ ಸಾಕು, ಸಿನಿಮಾ ಬೇಡ ಎಂದು ಅಲ್ಲಿ ಅಂಗಲಾಚಿ ಪ್ರಯೋಜನವಿಲ್ಲ, ಏಕೆಂದರೆ ರೇಡ್-5ರಲ್ಲಿ ಒಂದು ಫೋಟೊ ಒಂದೇ ಡ್ರೈವಿನಲ್ಲಿ ಇರುವುದಿಲ್ಲ. ಬಹಳಷ್ಟು ಮನೆ ಪೆಟ್ಟಿಗೆಗಳು ಫೈಲನ್ನು 64 ಕೆಬಿ ತುಂಡುಗಳಾಗಿ ಕತ್ತರಿಸಿ ಡ್ರೈವುಗಳಿಗೆ ಸರದಿಯಂತೆ ಹಂಚುತ್ತವೆ. 5 ಎಂಬಿಯ ಒಂದು ಫೋಟೊ ಎಂದರೆ ಸುಮಾರು 76 ತುಂಡು. ನಾಲ್ಕರಲ್ಲಿ ಎರಡು ಡ್ರೈವ್ ಇಲ್ಲದಿದ್ದರೆ ಪ್ರತಿ ಫೋಟೊದ ಅಂದಾಜು 38 ತುಂಡು ಇಲ್ಲ. ‘ಅರ್ಧ ಫೋಟೊಗಳಾದರೂ ಉಳಿದಾವು’ ಎಂಬ ಲೆಕ್ಕ ಇಲ್ಲಿ ನಡೆಯದು. ಉಳಿಯುವುದು ಎಲ್ಲ ಫೋಟೊಗಳ ಅರ್ಧರ್ಧ, ಅಂದರೆ ಏನೂ ಇಲ್ಲ. 64 ಕೆಬಿಗಿಂತ ಚಿಕ್ಕ ಫೈಲುಗಳಲ್ಲಿ ಕೆಲವು ಮಾತ್ರ ಇಡಿಯಾಗಿ ಸಿಕ್ಕಾವು.

ಮೂರು ಡ್ರೈವ್ ಇದ್ದರೆ ಮಾತ್ರ ಲೆಕ್ಕ ಕೂಡುತ್ತದೆ. ಮೂವರ ವಂತಿಗೆಯನ್ನೂ ಒಟ್ಟು ಮೊತ್ತವನ್ನೂ ಬರೆದಿಟ್ಟ ಜಮಾಖರ್ಚಿನ ಪುಸ್ತಕದಲ್ಲಿ ಒಂದು ಅಂಕಿ ಅಳಿಸಿದರೆ ಕಳೆದು ಕಂಡುಹಿಡಿಯಬಹುದು, ಎರಡು ಅಳಿಸಿದರೆ ಆಗದು. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಪ್ರಕಟಿಸಿದ ಪ್ರಬಂಧದಿಂದ ಹೆಸರು ಪಡೆದ ರೇಡ್‌ನ ಈ ಬಗೆಗೆ ಬುನಾದಿ ಇಷ್ಟೇ ಗಣಿತ. ಒಂದು ಡ್ರೈವ್ ಸತ್ತರೂ ಕೆಲಸ ನಿಲ್ಲಬಾರದು ಎಂಬುದು ಅದರ ಗುರಿ. ಅಳಿಸಿದ ಫೈಲು, ವೈರಸ್, ಸಿಡಿಲು, ಕಳ್ಳತನ ಇವು ಯಾವುವೂ ಅದರ ಲೆಕ್ಕದಲ್ಲಿ ಇಲ್ಲ.

ನೂರಕ್ಕೆ ಎಷ್ಟು ಸಾಯುತ್ತವೆ?

ಡ್ರೈವಿನ ಪೆಟ್ಟಿಗೆ ಮೇಲೆ, ಅಥವಾ ಅದರ ಮಾಹಿತಿ ಹಾಳೆಯಲ್ಲಿ, ಕೆಡುವ ತನಕದ ಸರಾಸರಿ ಕಾಲ 10 ಲಕ್ಷ ಗಂಟೆ ಎಂಬಂಥ ಅಂಕಿ ಇರುತ್ತದೆ. ವರ್ಷಕ್ಕೆ 8,760 ಗಂಟೆ. ಭಾಗಿಸಿದರೆ 114 ವರ್ಷ. ಯಾವ ಡ್ರೈವೂ ಅಷ್ಟು ಬಾಳುವುದಿಲ್ಲ. ಆ ಅಂಕಿಯ ಅರ್ಥ, ನೂರು ಡ್ರೈವ್ ಓಡಿಸಿದರೆ ವರ್ಷಕ್ಕೆ 0.88 ಕೆಡಬೇಕು ಎಂದು. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಅದೇ ಗಾರ್ತ್ ಗಿಬ್ಸನ್ ಸುಮಾರು 1 ಲಕ್ಷ ಡ್ರೈವ್‌ಗಳ ಬದಲಾವಣೆ ದಾಖಲೆ ತೆಗೆದು ನೋಡಿದಾಗ ಶೇ 2ರಿಂದ 4 ಸಾಮಾನ್ಯವಾಗಿತ್ತು, ಕೆಲವು ಕಡೆ ಶೇ 13ರವರೆಗೂ ಏರಿತ್ತು. ಅದೇ ವರ್ಷ ಗೂಗಲ್ ತನ್ನ 1 ಲಕ್ಷಕ್ಕೂ ಹೆಚ್ಚು ಡ್ರೈವ್‌ಗಳ ಅಧ್ಯಯನ ಹೊರತಂದಿತು. ಮೊದಲ ವರ್ಷದ ಡ್ರೈವುಗಳಲ್ಲಿ ಶೇ 1.7, ಮೂರನೇ ವರ್ಷದವುಗಳಲ್ಲಿ ಶೇ 8.6.

ಈಚಿನ ಡ್ರೈವುಗಳು ಉತ್ತಮ. ಲಕ್ಷಗಟ್ಟಲೆ ಡ್ರೈವ್ ಓಡಿಸುವ, ಲೆಕ್ಕವನ್ನು ಬಹಿರಂಗವಾಗಿ ಕೊಡುವ ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿಯ ಅಂಕಿಗಳು 2021ರಲ್ಲಿ ಶೇ 1.01, 2022ರಲ್ಲಿ 1.37, 2023ರಲ್ಲಿ 1.70, 2024ರಲ್ಲಿ 1.57. ಶೇ 1.5 ಹಿಡಿಯೋಣ. ಒಂದು ಡ್ರೈವ್ ಐದು ವರ್ಷದೊಳಗೆ ಕೆಡುವ ಸಾಧ್ಯತೆ ಶೇ 7.3. ನಾಲ್ಕು ಡ್ರೈವಿನ ಪೆಟ್ಟಿಗೆಯಲ್ಲಿ ಒಂದಾದರೂ ಕೆಡುವ ಸಾಧ್ಯತೆ ಶೇ 26. ನಾಲ್ಕು ಮನೆಯಲ್ಲಿ ಒಂದು ಮನೆ. ಇದು ಹವಾನಿಯಂತ್ರಿತ ಕಟ್ಟಡದ, ಕರೆಂಟು ಹೋಗದ ಜಾಗದ ಲೆಕ್ಕ ಎಂಬುದನ್ನೂ ಮರೆಯಬಾರದು. ಟಿವಿ ಸ್ಟ್ಯಾಂಡಿನ ಒಳಗೆ ಬಾಗಿಲು ಮುಚ್ಚಿ ಕೂರಿಸಿದ ಪೆಟ್ಟಿಗೆಗೆ, ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಶುರುವಾದ ಮೇಲೂ ಪ್ಲಗ್ ಕೀಳದ ಮಲೆನಾಡಿನ ಮನೆಗೆ ಈ ಅಂಕಿ ಸೌಮ್ಯವೇ ಆಯಿತು.

ಮುನ್ಸೂಚನೆ ಸಿಗುತ್ತದೆಯೇ? ಅರ್ಧಂಬರ್ಧ. ಡ್ರೈವ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುವ ‘ಸ್ಮಾರ್ಟ್’ ಎಂಬ ವ್ಯವಸ್ಥೆ ಇದೆ. ಮೊದಲ ಸ್ಕ್ಯಾನ್ ದೋಷ ಕಂಡ ಡ್ರೈವ್ ಮುಂದಿನ 60 ದಿನದೊಳಗೆ ಸಾಯುವ ಸಾಧ್ಯತೆ, ದೋಷವಿಲ್ಲದ ಡ್ರೈವಿಗಿಂತ 39 ಪಟ್ಟು ಹೆಚ್ಚು ಎಂದು ಗೂಗಲ್ ಅಧ್ಯಯನ ಹೇಳಿತು. ಅದೇ ಅಧ್ಯಯನದ ಇನ್ನೊಂದು ಸಾಲು ಹೇಳುವುದು, ಸತ್ತ ಡ್ರೈವುಗಳಲ್ಲಿ ಶೇ 36ಕ್ಕೂ ಹೆಚ್ಚಿನವು ಉಷ್ಣತೆ ಬಿಟ್ಟರೆ ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ಬ್ಯಾಕ್‌ಬ್ಲೇಜ್ 2016ರಲ್ಲಿ ಐದು ಸೂಚಕಗಳನ್ನು ನೋಡಿದಾಗ ಸೂಚನೆ ಇಲ್ಲದೆ ಸತ್ತವು ಶೇ 23.3. ಕೆಂಪು ದೀಪ ಹತ್ತಿದರೆ ನಂಬಿ, ಹಸಿರು ದೀಪವನ್ನು ನಂಬಬೇಡಿ.

ಎರಡನೆಯದು ಸಾಯುವ ಲೆಕ್ಕ

ಒಂದು ಡ್ರೈವ್ ಹೋಗಿದೆ. ಹೊಸದು ಹಾಕಿ ರೀಬಿಲ್ಡ್ ಆಗಲು, ಅಂದರೆ ಹೋದ ಮಾಹಿತಿಯನ್ನು ಲೆಕ್ಕಹಾಕಿ ಅದಕ್ಕೆ ಮತ್ತೆ ತುಂಬಲು, ಒಂದು ದಿನ ಹಿಡಿಯಿತೆನ್ನಿ. ಆ ಒಂದು ದಿನದಲ್ಲಿ ಉಳಿದ ಮೂರರಲ್ಲಿ ಇನ್ನೊಂದು ಸಾಯುವ ಸಾಧ್ಯತೆ ಕಾಗದದ ಮೇಲೆ 8,000ದಲ್ಲಿ ಒಂದು. ಹಾಗಿದ್ದರೆ ರಿಕವರಿ ಲ್ಯಾಬುಗಳಿಗೆ ಎರಡು ಡ್ರೈವ್ ಹೋದ ಪೆಟ್ಟಿಗೆಗಳು ಏಕೆ ಬರುತ್ತಲೇ ಇವೆ?

ಮೊದಲ ಕಾರಣ ನಾಚಿಕೆಗೇಡಿನದು. ಮೊದಲ ಡ್ರೈವ್ ಸತ್ತದ್ದು ಯಾರಿಗೂ ಗೊತ್ತಾಗಿರುವುದಿಲ್ಲ. ರೇಡ್ ತನ್ನ ಕೆಲಸ ಚೆನ್ನಾಗಿ ಮಾಡುವುದರಿಂದ ಫೈಲುಗಳು ಎಂದಿನಂತೆ ತೆರೆಯುತ್ತವೆ. ಇ-ಮೇಲ್ ಎಚ್ಚರಿಕೆ ಹಾಕಿಕೊಂಡಿಲ್ಲ, ಪೆಟ್ಟಿಗೆ ಮೇಲ್ಗಡೆ ಅಟ್ಟದಲ್ಲಿದೆ, ಬೀಪ್ ಶಬ್ದ ಕೇಳಿ ಮನೆಯವರು ಯಾರೋ ಮ್ಯೂಟ್ ಗುಂಡಿ ಒತ್ತಿದ್ದಾರೆ. ಆರು ತಿಂಗಳು ಹೀಗೇ ಓಡಿತೆಂದರೆ ಎರಡನೆಯದು ಸಾಯುವ ಸಾಧ್ಯತೆ 8,000ದಲ್ಲಿ ಒಂದರಿಂದ 44ರಲ್ಲಿ ಒಂದಕ್ಕೆ ಬರುತ್ತದೆ. ಸುಮಾರು 180 ಪಟ್ಟು. ಇದನ್ನು ತಪ್ಪಿಸುವ ಇ-ಮೇಲ್ ಎಚ್ಚರಿಕೆಯ ಬೆಲೆ ಸೊನ್ನೆ ರೂಪಾಯಿ. ಮನೆ ಸ್ಟೋರೇಜ್ ಬಗ್ಗೆ ನನಗೆ ಗೊತ್ತಿರುವ ಅಂಕಿಗಳಲ್ಲಿ ಇಷ್ಟು ಲಾಭದ ಬೇರೆ ಅಂಕಿ ಇಲ್ಲ.

ಎರಡನೆಯದು, ನಾಲ್ಕೂ ಡ್ರೈವ್ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಬಹುಶಃ ಒಂದೇ ಡಬ್ಬದಿಂದ ಕೊಂಡವು. ಒಂದೇ ವಯಸ್ಸು, ಒಂದೇ ಬಿಸಿ, ಒಂದೇ ವೋಲ್ಟೇಜ್ ಏರಿಳಿತ. 8,000ದಲ್ಲಿ ಒಂದು ಎಂಬ ಲೆಕ್ಕ ಅವುಗಳ ಹಣೆಬರಹ ಬೇರೆ ಬೇರೆ ಎಂದು ಹಿಡಿದು ಮಾಡಿದ್ದು.

ಮೂರನೆಯದು ಓದಲಾಗದ ಸೆಕ್ಟರು. ಮನೆ ಬಳಕೆಯ ಅನೇಕ ಡ್ರೈವ್‌ಗಳ ಮಾಹಿತಿ ಹಾಳೆಯಲ್ಲಿ, ಕೋಟಿ ಕೋಟಿ ಬಿಟ್ (ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು) ಓದಿದರೆ ಒಂದು ಕಡೆ ಓದಲಾಗದೆ ಹೋಗಬಹುದು ಎಂಬ ಮಿತಿ ಬರೆದಿರುತ್ತದೆ. ಅದು 12.5 ಟಿಬಿ. ನಮ್ಮ ಮನೆಯ ರೀಬಿಲ್ಡಿಗೆ ಉಳಿದ ಮೂರು ಡ್ರೈವಿನಿಂದ 12 ಟಿಬಿಯನ್ನೂ ಒಂದಕ್ಷರ ಬಿಡದೆ ಓದಬೇಕು. ಹಾಳೆಯ ಅಂಕಿಯನ್ನೇ ನಂಬಿದರೆ ಒಂದು ಕಡೆಯಾದರೂ ಎಡವುವ ಸಾಧ್ಯತೆ ಶೇ 62. ಹತ್ತು ಪಟ್ಟು ಉತ್ತಮ ಎಂದು ನಮೂದಿಸಿದ ಡ್ರೈವುಗಳಲ್ಲಿ ಶೇ 9. ಈ ಶೇ 62 ಎಂಬುದನ್ನು ತೋರಿಸಿ ‘ರೇಡ್-5 ಸತ್ತಿತು’ ಎಂದು ಘೋಷಿಸಿದವರು ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಇದ್ದಾರೆ. ಅದು ಅತಿಯಾಯಿತು. ಹಾಳೆಯ ಅಂಕಿ ಕಂಪನಿ ತನ್ನ ಮೇಲೆ ಹಾಕಿಕೊಂಡ ಗರಿಷ್ಠ ಮಿತಿ, ನಿಜವಾದ ಡ್ರೈವುಗಳು ಇದಕ್ಕಿಂತ ಬಹಳ ಚೆನ್ನಾಗಿ ಓದುತ್ತವೆ. ಹಾಗಿಲ್ಲದಿದ್ದರೆ ತಿಂಗಳಿಗೊಮ್ಮೆ ಪೂರ್ತಿ ಪರಿಶೀಲನೆ ಓಡಿಸುವ ಪೆಟ್ಟಿಗೆಗಳೆಲ್ಲ ಇಷ್ಟರಲ್ಲಿ ಕಿರುಚಿಕೊಳ್ಳುತ್ತಿದ್ದವು. ಆದರೆ ಆ ತಿಂಗಳ ಪರಿಶೀಲನೆಯನ್ನು ಒಮ್ಮೆಯೂ ಓಡಿಸದ ಪೆಟ್ಟಿಗೆಯಲ್ಲಿ, ನಾಲ್ಕು ವರ್ಷದಿಂದ ಯಾರೂ ತೆರೆಯದ ಫೋಟೊಗಳ ಕೆಳಗೆ ಹಾಳಾದ ಸೆಕ್ಟರು ಕೂತಿದ್ದರೆ ಅದು ಮೊದಲ ಸಲ ಗೊತ್ತಾಗುವುದು ರೀಬಿಲ್ಡ್ ನಡುವೆಯೇ. ಆಗ ಪೆಟ್ಟಿಗೆಯ ಸಾಫ್ಟ್‌ವೇರ್ ಯಾವುದೆಂಬುದರ ಮೇಲೆ ಒಂದು ಫೈಲ್ ಹೋಗಬಹುದು, ಗುಂಪೇ ಕುಸಿಯಬಹುದು.

ರೀಬಿಲ್ಡ್ ಸಮಯವೂ ಎಲ್ಲ ಕಡೆ ಒಂದೇ ಅಲ್ಲ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ 4 ಟಿಬಿ ತುಂಬಲು 7.4 ಗಂಟೆ ಸಾಕು. 16 ಟಿಬಿಯ ಡ್ರೈವಿಗೆ 200 ಎಂಬಿ ವೇಗದಲ್ಲೂ 22 ಗಂಟೆ. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ 2ರಿಂದ 6 ಟಿಬಿಯ ‘ರೆಡ್’ ನ್ಯಾಸ್ ಡ್ರೈವ್‌ಗಳಲ್ಲಿ ಕೆಲವು, ಮಾಹಿತಿಯ ಪಥಗಳು ಹೆಂಚಿನ ಸಾಲಿನಂತೆ ಒಂದರ ಮೇಲೊಂದು ಅತಿಕ್ರಮಿಸುವ ‘ಎಸ್‌ಎಂಆರ್’ ತಂತ್ರದವು ಎಂದು ಒಪ್ಪಿಕೊಂಡಿತು. ಗ್ರಾಹಕರಿಗೆ ಅದು ಮೊದಲೇ ತಿಳಿದಿರಲಿಲ್ಲ. ಅಂಥ 4 ಟಿಬಿಯ ಡ್ರೈವನ್ನು ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆಯ ಗುಂಪಿಗೆ ಸೇರಿಸಿ ‘ಸರ್ವ್ ದಿ ಹೋಮ್’ ಜಾಲತಾಣ ಪರೀಕ್ಷಿಸಿದಾಗ ರೀಬಿಲ್ಡಿಗೆ ಸುಮಾರು 230 ಗಂಟೆ ಹಿಡಿಯಿತು, ಅಂದರೆ ಒಂಬತ್ತೂವರೆ ದಿನ. ಸಾಮಾನ್ಯ ತಂತ್ರದ (‘ಸಿಎಂಆರ್’) ಡ್ರೈವುಗಳು ಒಂದು ದಿನದೊಳಗೇ ಮುಗಿಸಿದ್ದವು. ಬಳಿಕ ಕಂಪನಿ ಹಳೆಯ ತಂತ್ರದ ಡ್ರೈವುಗಳನ್ನು ‘ರೆಡ್ ಪ್ಲಸ್’ ಎಂದು ಬೇರೆ ಮಾಡಿತು. ಡ್ರೈವ್ ಕೊಳ್ಳುವಾಗ ‘ಸಿಎಂಆರ್ ಹೌದಾ?’ ಎಂದು ಕೇಳುವುದು ಅಂದಿನಿಂದ ವಾಡಿಕೆಯಾಗಿದೆ.

ಮೊದಲ ಒಂದು ಗಂಟೆಯ ಬೆಲೆ

ಎರಡು ಡ್ರೈವ್ ಹೋಗಿ ಪೆಟ್ಟಿಗೆ ಕೈಕೊಟ್ಟಾಗ ಬಿಲ್ಲು ಇನ್ನೂ ತೀರ್ಮಾನವಾಗಿರುವುದಿಲ್ಲ. ಅದು ಸೊನ್ನೆಯಾಗಬಹುದು, ಎರಡು ಲಕ್ಷವಾಗಬಹುದು. ತೀರ್ಮಾನಿಸುವುದು ಮುಂದಿನ ಕೆಲವು ಗಂಟೆಗಳಲ್ಲಿ ಮನೆಯವರು ಮಾಡುವ ಕೆಲಸ.

7,200 ಸುತ್ತಿನ ಡ್ರೈವಿನಲ್ಲಿ 95 ಮಿಲಿಮೀಟರ್ ವ್ಯಾಸದ ತಟ್ಟೆಯ ಅಂಚು ಗಂಟೆಗೆ 129 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅದರ ಮೇಲೆ ಹೆಡ್ ತೇಲುವ ಎತ್ತರ ಕೆಲವೇ ನ್ಯಾನೊಮೀಟರ್. ತಲೆಗೂದಲಿನ ದಪ್ಪ 70 ಸಾವಿರ ನ್ಯಾನೊಮೀಟರ್ ಆಸುಪಾಸು. ಹೆಡ್ ಮುರಿದು ಟಕ್ ಟಕ್ ಎನ್ನುವ ಡ್ರೈವನ್ನು ಇನ್ನೊಮ್ಮೆ ಆನ್ ಮಾಡಿ ನೋಡೋಣ ಎಂದರೆ ಆ ವೇಗದಲ್ಲಿ ಲೇಪನವನ್ನು ಕೆರೆಯುವುದು ಎಂದರ್ಥ. ಕೆರೆದುಹೋದ ಜಾಗದಲ್ಲಿ ಇದ್ದದ್ದನ್ನು ಜಗತ್ತಿನ ಯಾವ ಲ್ಯಾಬೂ ವಾಪಸು ತರದು. ಫ್ರಿಜ್ಜಿನಲ್ಲಿ ಇಡುವುದು, ಅಂಗೈಯಿಂದ ತಟ್ಟುವುದು ಇವನ್ನೆಲ್ಲ ಹೇಳಿಕೊಟ್ಟವರು ರಿಕವರಿ ಬಿಲ್ಲಿನಲ್ಲಿ ಪಾಲು ಕೊಡುವುದಿಲ್ಲ. ಅಂಥದೇ ಇನ್ನೊಂದು ಡ್ರೈವಿನ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ಹಾಕುವ ಹಳೆಯ ಉಪಾಯವೂ ಈಗ ನಡೆಯದು. ಪ್ರತಿ ಡ್ರೈವಿಗೂ ಕಾರ್ಖಾನೆಯಲ್ಲೇ ಹೊಂದಿಸಿದ ಅಳತೆಗಳು ಆ ಬೋರ್ಡಿನ ರಾಮ್ ಚಿಪ್ಪಿನಲ್ಲಲ್ಲ, ರೋಮ್ ಚಿಪ್ಪಿನಲ್ಲಿ ಕೂತಿರುತ್ತವೆ. ಅದನ್ನೂ ಕಿತ್ತು ಬೆಸೆಯಬೇಕು.

ಶಬ್ದವಿಲ್ಲದೆ, ಬರೀ ಬ್ಯಾಡ್ ಸೆಕ್ಟರ್ ಇರುವ ಡ್ರೈವಾದರೆ ಮನೆಯಲ್ಲೇ ಸಾಧ್ಯತೆ ಉಂಟು. ಮೊದಲು ಪ್ರತಿ ಡ್ರೈವಿಗೂ 1, 2, 3, 4 ಎಂದು ಮಾರ್ಕರಿನಲ್ಲಿ ಬರೆದು ಹೊರತೆಗೆಯಬೇಕು. ಗುರುತಿನ ದಾಖಲೆಗಳು ಅಳಿಸಿಹೋದ ಗುಂಪಿನಲ್ಲಿ ನಾಲ್ಕು ಡ್ರೈವಿನ ಸರದಿ 24 ಬಗೆಯಲ್ಲಿ ಇರಬಹುದು. ಪ್ಯಾರಿಟಿಯ, ಅಂದರೆ ಆ ‘ಒಟ್ಟು ಮೊತ್ತ’ದ ಅಂಕಿಯ, ಹಂಚಿಕೆ 4 ಬಗೆ, ತುಂಡಿನ ಗಾತ್ರ 16ರಿಂದ 512 ಕೆಬಿವರೆಗೆ 6 ಬಗೆ. ಒಟ್ಟು 576 ಜೋಡಣೆಗಳಲ್ಲಿ ಒಂದು ಸರಿ. ಇಪ್ಪತ್ತು ರೂಪಾಯಿಯ ಮಾರ್ಕರ್ 576ನ್ನು 24ಕ್ಕೆ ಇಳಿಸುತ್ತದೆ.

ಆಮೇಲೆ ‘ಜಿಎನ್‌ಯು ಡಿಡಿರೆಸ್ಕ್ಯೂ’ ಎಂಬ ಉಚಿತ ಸಾಫ್ಟ್‌ವೇರಿನಿಂದ ಪ್ರತಿ ಡ್ರೈವಿನ ಪಡಿಯಚ್ಚು ತೆಗೆಯಬೇಕು. ಇದು ಮೊದಲು ಸಲೀಸಾಗಿ ಓದುವ ಭಾಗಗಳನ್ನೆಲ್ಲ ಬಳಿದುಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಕೈಹಾಕುತ್ತದೆ. ಎಲ್ಲಿಯವರೆಗೆ ಬಂತು ಎಂಬುದನ್ನು ಬರೆದಿಡುವುದರಿಂದ ಕರೆಂಟು ಹೋದರೂ ಅಲ್ಲಿಂದಲೇ ಮುಂದುವರಿಯುತ್ತದೆ. ಸೆಕೆಂಡಿಗೆ 100 ಎಂಬಿ ಬಂದರೆ 4 ಟಿಬಿಗೆ 11 ಗಂಟೆ. ಬಳಲಿದ ಡ್ರೈವ್ 5 ಎಂಬಿ ಮಾತ್ರ ಕೊಟ್ಟರೆ ಒಂಬತ್ತು ದಿನ ದಾಟುತ್ತದೆ. ಅಷ್ಟು ದಿನ ತಾಳುವ ಡ್ರೈವ್ ಕಡಿಮೆ, ತಾಳ್ಮೆ ಇರುವ ಯಜಮಾನ ಇನ್ನೂ ಕಡಿಮೆ. ಕೆಲಸಕ್ಕೆ ಅಷ್ಟೇ ಖಾಲಿ ಜಾಗವೂ ಬೇಕು. ಮೂರು ಡ್ರೈವಿನ ಪಡಿಯಚ್ಚಿಗೇ 12 ಟಿಬಿ. ಮನೆಯಲ್ಲೇ ಮಾಡುವ ‘ಉಚಿತ’ ರಿಕವರಿಗೆ 30 ಸಾವಿರಕ್ಕೂ ಮೇಲ್ಪಟ್ಟ ಹೊಸ ಡಿಸ್ಕು ಬೇಕಾಗುವುದು ಹೀಗೆ.

ಹತ್ತು ಸಾವಿರ ಸೆಕ್ಟರು ಓದಲಾಗಲಿಲ್ಲ ಎಂದು ಪರದೆ ತೋರಿಸಿದರೆ ಎದೆ ಧಸಕ್ಕೆನ್ನುತ್ತದೆ. ಸೆಕ್ಟರಿಗೆ 4,096 ಬೈಟ್‌ನಂತೆ ಅದು 41 ಎಂಬಿ, 4 ಟಿಬಿಯಲ್ಲಿ ಲಕ್ಷಕ್ಕೆ ಒಂದು ಪಾಲು. ಒಂದೇ ಕಡೆ ಒಟ್ಟಾಗಿದ್ದರೆ ಇಪ್ಪತ್ತೈದರ ಆಸುಪಾಸು ಫೋಟೊ ಹೋದವು. ಚೆದುರಿದ್ದರೆ 10 ಸಾವಿರ ಫೋಟೊಗಳಿಗೆ ಒಂದೊಂದು ಗೀರು. ಅಂಕಿ ಒಂದೇ, ನಷ್ಟ ಬೇರೆ.

ಯಾವ ಡ್ರೈವುಗಳನ್ನು ಆರಿಸಿಕೊಳ್ಳಬೇಕು ಎಂಬುದರಲ್ಲಿ ಅನೇಕರು ಮುಗ್ಗರಿಸುತ್ತಾರೆ. ಮೊದಲು ಬಿದ್ದ ಡ್ರೈವಿನಲ್ಲಿ ಆರು ತಿಂಗಳ ಹಿಂದಿನ ಹಳಸಲು ಮಾಹಿತಿ ಇದೆ. ಕೊನೆಗೆ ಬಿದ್ದದ್ದರಲ್ಲಿ ಹೆಚ್ಚುಕಡಿಮೆ ಇಂದಿನದಿದೆ. ಲಿನಕ್ಸ್ ಆಧಾರಿತ ಪೆಟ್ಟಿಗೆಗಳಲ್ಲಿ ಪ್ರತಿ ಡ್ರೈವೂ ‘ಈವೆಂಟ್ಸ್’ ಎಂಬ ಸಂಖ್ಯೆಯನ್ನು ಹೊತ್ತಿರುತ್ತದೆ. ಮೂರರ ಸಂಖ್ಯೆ ಹತ್ತಿರ ಹತ್ತಿರ ಇದ್ದು ಒಂದರದು ಬಹಳ ಹಿಂದಿದ್ದರೆ, ಆ ಒಂದನ್ನು ಪಕ್ಕಕ್ಕಿಡಬೇಕು. ಹೆಡ್ ಹೋದ ಡ್ರೈವ್ ಅದೇ ಆಗಿದ್ದರೆ ಲ್ಯಾಬಿನ ಅಗತ್ಯವೇ ಇಲ್ಲದೆ ಕೆಲಸ ಮುಗಿಯಬಹುದು. ಪೆಟ್ಟಿಗೆ ಪರದೆಯಲ್ಲಿ ‘ಇನಿಶಿಯಲೈಸ್’, ‘ಕ್ರಿಯೇಟ್’ ಎಂದು ಕೇಳಿದಾಗ ಹೂಂ ಎಂದರೆ ಮಾತ್ರ ಈ ಸಂಖ್ಯೆಗಳೂ ಅಳಿಸಿಹೋಗುತ್ತವೆ.

ಫೈಲ್ ವ್ಯವಸ್ಥೆಯೇ ಛಿದ್ರವಾಗಿದ್ದರೆ ‘ಫೋಟೊರೆಕ್’ನಂಥ ಉಚಿತ ಸಾಧನ ಫೋಟೊಗಳನ್ನು ಗುರುತು ಹಿಡಿದು ಹೆಕ್ಕುತ್ತದೆ. ಹೆಸರು, ಫೋಲ್ಡರ್ ಸಿಗುವುದಿಲ್ಲ. 2 ಲಕ್ಷ ಫೋಟೊ ಸಂಖ್ಯೆಯ ಹೆಸರಲ್ಲಿ ಒಂದೇ ರಾಶಿಯಾಗಿ ಬೀಳುತ್ತವೆ. ಒಂದೊಂದಕ್ಕೆ 5 ಸೆಕೆಂಡ್ ಕೊಟ್ಟು ವಿಂಗಡಿಸಿದರೆ 278 ಗಂಟೆ. ದಿನಕ್ಕೆ ಎಂಟು ಗಂಟೆ ಕೂತರೆ 35 ದಿನ. ಈ ಕೂಲಿಯನ್ನು ಯಾರೂ ಬಿಲ್ಲಿಗೆ ಹಾಕುವುದಿಲ್ಲ.

ಲ್ಯಾಬಿನ ಬಿಲ್ಲಿನಲ್ಲಿ ಏನಿರುತ್ತದೆ?

ಅಳಿಸಿದ ಫೈಲು, ಫಾರ್ಮ್ಯಾಟ್ ಆದ ಒಂಟಿ ಡ್ರೈವ್ ಎಂದರೆ ಬೆಂಗಳೂರಿನಲ್ಲಿ ಸಾಮಾನ್ಯವಾಗಿ 5ರಿಂದ 15 ಸಾವಿರದ ಮಾತು. ಹೆಡ್ ಬದಲಾವಣೆ ಎಂದ ಕೂಡಲೇ 20 ಸಾವಿರದ ಮೇಲೆ. ಈ ಜಿಗಿತದಲ್ಲಿ ಎರಡು ನ್ಯಾಯವಾದ ಖರ್ಚು ಇವೆ. ಒಂದು ಕ್ಲೀನ್ ರೂಮು. ಈ ಕೆಲಸಕ್ಕೆ ಹೇಳುವ ‘ಕ್ಲಾಸ್ 100’ ಮಟ್ಟದಲ್ಲಿ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನಿಗಿಂತ ದೊಡ್ಡ ಧೂಳಿನ ಕಣ 100ಕ್ಕಿಂತ ಹೆಚ್ಚು ಇರಬಾರದು. ಇನ್ನೊಂದು ಡೋನರ್ ಡ್ರೈವ್, ಅದೇ ಮಾದರಿಯ, ಅದೇ ಪೀಳಿಗೆಯ, ಒಳ್ಳೆಯ ಹೆಡ್ ಇರುವ ಡ್ರೈವನ್ನು ಹುಡುಕಿ ಬಲಿಕೊಡಬೇಕು. ಎಂಟು ವರ್ಷ ಹಳೆಯ ಮಾದರಿಯ ಡೋನರ್ ಹೊಸ ಡ್ರೈವಿಗಿಂತ ದುಬಾರಿ. ಹೀಲಿಯಂ ತುಂಬಿ ಬೆಸೆದ ದೊಡ್ಡ ಡ್ರೈವುಗಳಲ್ಲಿ ಈ ಕೆಲಸ ಇನ್ನೂ ತ್ರಾಸ, ದರವೂ ಹಾಗೇ.

ಮೂರನೆಯದೊಂದು ಸಾಲು ಇರುತ್ತದೆ, ‘ತುರ್ತು ಸೇವೆ’. ಮನೆಯ ಫೋಟೊಗೆ ಅದು ಬೇಡ. ಡ್ರೈವ್ ಆಫ್ ಆಗಿದ್ದರೆ ಇಂದಿಗಿಂತ ಮುಂದಿನ ವಾರ ಅದು ಹೆಚ್ಚು ಕೆಡುವುದಿಲ್ಲ.

ಹಣ ಕೊಡುವ ಮುನ್ನ ಸಿಕ್ಕ ಫೈಲುಗಳ ಪಟ್ಟಿ ಕೇಳಿ, ಅದರಿಂದ ನೀವೇ ಕುರುಡಾಗಿ 200 ಆರಿಸಿ ತೆರೆಯಿಸಿ. ಇನ್ನೂರರಲ್ಲಿ ಒಂದೂ ಕೆಟ್ಟಿಲ್ಲದಿದ್ದರೆ, ಒಟ್ಟಿನಲ್ಲಿ ಕೆಟ್ಟವು ಶೇ 1.5ಕ್ಕಿಂತ ಕಡಿಮೆ ಎಂದು ಶೇ 95ರಷ್ಟು ಭರವಸೆಯಿಂದ ಹೇಳಬಹುದು. 2 ಲಕ್ಷದಲ್ಲಿ ಅದು ಹೆಚ್ಚೆಂದರೆ 3,000. ಅವರು ತಾವಾಗಿ ತೋರಿಸುವ ಹತ್ತು ಸುಂದರ ಫೋಟೊಗಳಿಂದ ಏನೂ ಗೊತ್ತಾಗದು.

ಡ್ರೈವ್ ಕೆಡದೆಯೂ ಹೋಗುವುದುಂಟು

2017ರ ಆರಂಭದಲ್ಲಿ ಇಂಟೆಲ್ ತನ್ನ ಆ್ಯಟಮ್ ಸಿ2000 ಚಿಪ್ಪಿನಲ್ಲಿ ಗಡಿಯಾರ ಸಂಕೇತ ನಿಂತುಹೋಗುವ ದೋಷವಿದೆ ಎಂದು ದಾಖಲಿಸಿತು. ಸಿನಾಲಜಿ ಕಂಪನಿಯ ಡಿಎಸ್1515+, ಡಿಎಸ್1815+ನಂಥ ಪೆಟ್ಟಿಗೆಗಳಲ್ಲಿ ಅದೇ ಚಿಪ್ಪಿತ್ತು. ಪೆಟ್ಟಿಗೆ ಸತ್ತಿತು, ಡ್ರೈವುಗಳು ಗಟ್ಟಿಮುಟ್ಟು. 100 ಓಮ್‌ನ ಒಂದು ರೆಸಿಸ್ಟರ್ ಬೆಸೆದು ಬದುಕಿಸಿಕೊಂಡವರಿದ್ದಾರೆ, ಅದರ ಬೆಲೆ ರೂಪಾಯಿ ಲೆಕ್ಕದ್ದು. ಬೆಸೆಯಲು ಬಾರದವರು ಡ್ರೈವುಗಳನ್ನು ಉಬುಂಟು ಓಡುವ ಸಾಮಾನ್ಯ ಕಂಪ್ಯೂಟರಿಗೆ ಸಿಕ್ಕಿಸಿ ಫೈಲು ಓದಿಕೊಳ್ಳಬಹುದು. ದಾರಿಯನ್ನು ಸಿನಾಲಜಿಯೇ ಪ್ರಕಟಿಸಿದೆ. ಪೆಟ್ಟಿಗೆ ಹೋಯಿತೆಂದು 80 ಸಾವಿರ ತೆತ್ತರೆ ಅದು ಗೊತ್ತಿಲ್ಲದ್ದರ ದಂಡ.

2021ರ ಜೂನ್‌ನಲ್ಲಿ ನಡೆದದ್ದು ಇದರ ತಿರುವುಮುರುವು. ವೆಸ್ಟರ್ನ್ ಡಿಜಿಟಲ್‌ನ ‘ಮೈ ಬುಕ್ ಲೈವ್’ ಎಂಬ ಮನೆ ಸ್ಟೋರೇಜ್‌ಗಳು ಜಗತ್ತಿನಾದ್ಯಂತ ತಾವಾಗಿ ಫ್ಯಾಕ್ಟರಿ ರೀಸೆಟ್ ಆಗಿ ಖಾಲಿಯಾದವು. ಡ್ರೈವ್, ಪೆಟ್ಟಿಗೆ ಎರಡೂ ಚೆನ್ನಾಗಿದ್ದವು. ರೀಸೆಟ್‌ಗೆ ಮುನ್ನ ಪಾಸ್‌ವರ್ಡ್ ಕೇಳುವ ಐದು ಸಾಲು ಕೋಡನ್ನು ಕಂಪನಿಯ ಪ್ರೋಗ್ರಾಮರ್ ನಿಷ್ಕ್ರಿಯಗೊಳಿಸಿ ಬಿಟ್ಟಿದ್ದ, 2015ರ ನಂತರ ಆ ಪೆಟ್ಟಿಗೆಗಳಿಗೆ ಹೊಸ ಸಾಫ್ಟ್‌ವೇರೂ ಬಂದಿರಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ‘ಕ್ಯೂಲಾಕರ್’ ಎಂಬ ಸುಲಿಗೆ ತಂತ್ರಾಂಶ ನುಗ್ಗಿ ಫೈಲುಗಳಿಗೆ ಬೀಗ ಹಾಕಿ, ತಲಾ 0.01 ಬಿಟ್‌ಕಾಯಿನ್ ಕೇಳಿತು. ಅಂದಿನ ದರದಲ್ಲಿ ಸುಮಾರು 550 ಡಾಲರ್. ರೇಡ್ ಇದ್ದಲ್ಲೆಲ್ಲ ಅದು ಮಾಡಿದ್ದು ಇಷ್ಟೇ, ಖಾಲಿತನವನ್ನೂ ಬೀಗವನ್ನೂ ಎಲ್ಲ ಡ್ರೈವುಗಳಿಗೆ ನಿಷ್ಠೆಯಿಂದ ಬರೆಯಿತು. ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಟ್ಟ ನ್ಯಾಸ್ ನನ್ನ ದೃಷ್ಟಿಯಲ್ಲಿ ಡ್ರೈವ್ ಸಾವಿಗಿಂತ ದೊಡ್ಡ ಅಪಾಯ.

ಐದು ವರ್ಷದ ಖಾತೆ

ಈಗ ಆ ಒಂದೂವರೆ ಟಿಬಿಗೆ ಬರೋಣ. 2 ಟಿಬಿಯ ಎರಡು ಪೋರ್ಟಬಲ್ ಡಿಸ್ಕ್, ಒಂದು ಮನೆಯಲ್ಲಿ, ಒಂದು ಅಣ್ಣನ ಮನೆಯಲ್ಲೋ ಊರಲ್ಲೋ. ಖರ್ಚು 14 ಸಾವಿರ, ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 233 ರೂಪಾಯಿ. ಕ್ಲೌಡ್ ಆದರೆ ಗೂಗಲ್ ಒನ್‌ನ 2 ಟಿಬಿ ಯೋಜನೆಗೆ ವರ್ಷಕ್ಕೆ 6,500 ಲೆಕ್ಕ ಹಿಡಿದರೂ ಐದು ವರ್ಷಕ್ಕೆ 32,500. ಬ್ಯಾಕ್‌ಬ್ಲೇಜ್ ಬಿ2 ದರ 2023ರ ಅಕ್ಟೋಬರ್‌ನಲ್ಲಿ ಟಿಬಿಗೆ ತಿಂಗಳಿಗೆ 6 ಡಾಲರಿಗೆ ಏರಿತು. ಡಾಲರಿಗೆ 90 ರೂಪಾಯಿ ಹಿಡಿದರೆ ಆ ದರದಲ್ಲಿ ವರ್ಷಕ್ಕೆ 9,720. ಅಮೆಜಾನಿನ ‘ಡೀಪ್ ಆರ್ಕೈವ್’ ಅಮೆರಿಕದ ದರದಲ್ಲಿ ಟಿಬಿಗೆ ತಿಂಗಳಿಗೆ ಒಂದು ಡಾಲರಿನಷ್ಟು ಅಗ್ಗ, ವರ್ಷಕ್ಕೆ 1,620 ರೂಪಾಯಿ. ಆದರೆ ಒಂದು ದಿನ ಪೂರ್ತಿ ಇಳಿಸಿಕೊಳ್ಳಲು ಹೋದರೆ ಜಿಬಿಗೆ 9 ಸೆಂಟ್‌ನಂತೆ 12 ಸಾವಿರದ ಹತ್ತಿರ ತೆರಬೇಕು.

ಏರಿಸುವ ಸಮಯವನ್ನೂ ಎಣಿಸಬೇಕು. 50 ಎಂಬಿಪಿಎಸ್ ಫೈಬರಿನಲ್ಲಿ ಒಂದೂವರೆ ಟಿಬಿಗೆ 67 ಗಂಟೆ. ಒಂಬತ್ತೂ ಟಿಬಿ ಏರಿಸುವ ಹಟಕ್ಕೆ 17 ದಿನ, ಅದೂ ಅನೇಕ ಯೋಜನೆಗಳ ‘ಅನ್‌ಲಿಮಿಟೆಡ್’ ಹಿಂದೆ ಅಡಗಿರುವ 3,300 ಜಿಬಿ ತಿಂಗಳ ಮಿತಿಯಿಂದ ಮೂರು ತಿಂಗಳಿಗೆ ಹಿಗ್ಗುತ್ತದೆ. ಪೆಟ್ಟಿಗೆ 30 ವ್ಯಾಟ್ ಎಳೆದರೆ ತಿಂಗಳಿಗೆ 22 ಯೂನಿಟ್ ಕರೆಂಟು ಎಂಬುದು ಬೇರೆ, ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ ಮಿತಿಯ ಅಂಚಿನಲ್ಲಿರುವ ಮನೆಗಳು ಗಮನಿಸಬಹುದು.

ಎಲ್ಲವನ್ನೂ ಕಾಪಿ ಮಾಡಲು ಆಗದು ಎಂದು ಯಾವುದನ್ನೂ ಮಾಡದಿರುವುದು ಮನೆಗಳ ರೋಗ ಮಾತ್ರವಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರ್ಕಾರಿ ನೌಕರರ ‘ಜಿ-ಡ್ರೈವ್’ನ 858 ಟಿಬಿ ಸುಟ್ಟುಹೋಯಿತು. ಗಾತ್ರ ದೊಡ್ಡದು, ಹಾಗಾಗಿ ಹೊರಗೆ ಬ್ಯಾಕಪ್ ಇರಲಿಲ್ಲ ಎಂಬುದೇ ಅಧಿಕಾರಿಗಳು ಕೊಟ್ಟ ಕಾರಣ.

ಬರೀ ದುಡ್ಡಿನ ತಕ್ಕಡಿಯಲ್ಲಿ ತೂಗಿದರೂ ಲೆಕ್ಕ ಹತ್ತಿರ ಹತ್ತಿರ ಬರುತ್ತದೆ ಎಂದು ಒಪ್ಪಬೇಕು. 1,18,000 ರೂಪಾಯಿಯ ಬಿಲ್ಲಿನ ಎದುರು 7 ಸಾವಿರದ ಒಂದು ಡಿಸ್ಕು ಲಾಭ ಎನಿಸಬೇಕಾದರೆ ಐದು ವರ್ಷದಲ್ಲಿ ಮಾಹಿತಿ ಕಳೆದುಕೊಳ್ಳುವ ಸಾಧ್ಯತೆ ಶೇ 6 ದಾಟಬೇಕು. ಎರಡು ಡಿಸ್ಕಿಗೆ ಶೇ 12. ಒಂದು ಡ್ರೈವ್ ಕೆಡುವ ಸಾಧ್ಯತೆಯೇ ಶೇ 7.3 ಎಂದು ನೋಡಿದೆವು. ಅದಕ್ಕೆ ವೈರಸ್ಸು, ಸಿಡಿಲು, ಕೈತಪ್ಪು ಸೇರಿಸಿಕೊಳ್ಳಿ. ಇನ್ನೊಂದು ಬದಿಯಲ್ಲಿ, 1,18,000 ಕೊಟ್ಟವರಿಗೆಲ್ಲ ಫೋಟೊ ಸಿಗುತ್ತದೆ ಎಂಬ ಖಾತರಿಯೂ ಇಲ್ಲ.

ಆದ್ದರಿಂದ ನನ್ನ ತೀರ್ಪು ರೇಡ್ ಮಾರುವವರಿಗೆ ರುಚಿಸದು. ಮನೆಗೆ ನಾಲ್ಕು ಡ್ರೈವಿನ ರೇಡ್-5 ದುಬಾರಿ ಆಡಂಬರ. ಎರಡು ಡ್ರೈವಿನ ಕನ್ನಡಿ ಜೋಡಣೆ ಸಾಕು, ಅದರಲ್ಲಿ ಒಂದು ಉಳಿದರೂ ಫೈಲು ಇಡಿಯಾಗಿರುತ್ತದೆ, ಲ್ಯಾಬಿಗೆ ಹೋದರೂ ಒಂದೇ ಡ್ರೈವಿನ ಬಿಲ್ಲು. ಮಿಕ್ಕ ಹಣ ಹೊರಗಿನ ಪ್ರತಿಗೆ ಹೋಗಲಿ. ಆ ಪ್ರತಿಯಿಂದ ವರ್ಷಕ್ಕೊಮ್ಮೆಯಾದರೂ ಒಂದು ಫೋಲ್ಡರ್ ವಾಪಸು ತೆಗೆದು ನೋಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಡೇಟಾಬೇಸ್ ಅಳಿಸಿಹೋದಾಗ ಅವರು ನೆಚ್ಚಿಕೊಂಡಿದ್ದ ಐದು ಬ್ಯಾಕಪ್ ವಿಧಾನಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡಿರಲಿಲ್ಲ. ಆರು ಗಂಟೆ ಮೊದಲು ಒಬ್ಬ ಎಂಜಿನಿಯರ್ ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಪ್ರತಿಯೊಂದು ಅವರನ್ನು ಉಳಿಸಿತು.

ಈ ಭಾನುವಾರ ಮಾಡಬೇಕಾದ್ದು ಮೂರು. ಇ-ಮೇಲ್ ಎಚ್ಚರಿಕೆ ಹಾಕಿ, ಪರೀಕ್ಷಾ ಮೇಲ್ ಬಂತೇ ನೋಡಿ. ತಿಂಗಳ ಪರಿಶೀಲನೆಗೆ ದಿನ ಗೊತ್ತುಮಾಡಿ. ಪೆಟ್ಟಿಗೆಯಲ್ಲಿ ಹೋದರೆ ಮತ್ತೆ ಸಿಗದ್ದು ಎಷ್ಟು ಜಿಬಿ ಇದೆ ಎಂದು ಎಣಿಸಿ, ಅಷ್ಟನ್ನು ಮಾತ್ರ ಬೇರೆ ಡಿಸ್ಕಿಗೆ ಇಳಿಸಿ. ಒಂದೂವರೆ ಟಿಬಿ ಇಳಿಯಲು ನಾಲ್ಕು ಗಂಟೆ ಸಾಕು.